ಟೈಪಿಂಗ್ ಸರ್ ಬರೆಯದೆ ಬಿಟ್ಟ ಸಾಲು

ಅವರ ಎರಡೂ ಕೈಯ ಕಿರುಬೆರಳುಗಳು ಹೊರಗಡೆ ಸೊಟ್ಟಗೆ ಬಾಗಿದ್ದವು. ಹುಟ್ಟಿನಿಂದ ಬಂದದ್ದಲ್ಲ. ಹಳೆಯ ಕಬ್ಬಿಣದ ಟೈಪ್‌ರೈಟರಿನ ಶಿಫ್ಟ್ ಕೀಲಿಯನ್ನು ನಲವತ್ತು ವರ್ಷ ಒತ್ತಿ ಹಿಡಿದು ಹಾಗಾದದ್ದು. ಚಹಾದ ಬಸಿ ಎತ್ತಿದರೆ ಆ ಎರಡು ಬೆರಳು ಬಸಿಗೆ ತಾಗದೆ ದೂರ ನಿಲ್ಲುತ್ತಿದ್ದವು. ಕೈ ಮುಗಿದರೆ ಅವೆರಡೂ ಎದುರಿಗಿದ್ದವರ ಕಡೆ ಚಾಚಿಕೊಳ್ಳುತ್ತಿದ್ದವು. ಅವರ ಮುಖವನ್ನು ಮರೆಯಬೇಕೆಂದು ನಾನು ಹಟ ಹಿಡಿದು ಎರಡು ವರ್ಷವಾಯಿತು. ಮುಖ ಸ್ವಲ್ಪ ಮಸುಕಾಗಿದೆ. ಬೆರಳುಗಳು ಆಗಿಲ್ಲ.

ಬೈಲಹೊಂಗಲದ ಪೇಟೆಯ ಹಿಂದಿನ ಓಣಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಅವರ ಟೈಪಿಂಗ್ ಕ್ಲಾಸು ಇತ್ತು. ಊರಿನ ಕೋರ್ಟು, ಕಚೇರಿ, ಸೊಸೈಟಿಗಳಲ್ಲಿ ಕುಳಿತು ಬಡಿಯುವ ಬಹಳಷ್ಟು ಕೈಗಳು ಪಳಗಿದ್ದು ಅಲ್ಲಿಯೇ. ಟೈಪ್‌ರೈಟರಿನ ಕಾಲ ಮುಗಿಯಿತೆಂದು ಅವರು ತಲೆಯ ಮೇಲೆ ಕೈ ಹೊತ್ತು ಕೂಡಲಿಲ್ಲ. ಐವತ್ತು ದಾಟಿದ ಮೇಲೆ ವಾರಕ್ಕೆ ಮೂರು ದಿನ ಧಾರವಾಡದ ಬಸ್ಸು ಹತ್ತಿ, ತಮ್ಮ ಮಕ್ಕಳ ವಯಸ್ಸಿನವರ ಪಕ್ಕ ಕುಳಿತು, ಕಂಪ್ಯೂಟರ್ ಬಿಚ್ಚಿ ಜೋಡಿಸುವುದನ್ನು ಕಲಿತು ಬಂದರು. ಕ್ಲಾಸಿಗೆ ನಾಲ್ಕು ಕಂಪ್ಯೂಟರ್ ಬಂದವು. ಲಗ್ನಪತ್ರಿಕೆ, ಸಣ್ಣಪುಟ್ಟ ಪುಸ್ತಕ, ಸಂಘಗಳ ವರದಿ, ಎಲ್ಲದರ ಅಕ್ಷರ ಜೋಡಣೆಯೂ ಅಲ್ಲೇ ಶುರುವಾಯಿತು. ಆದರೂ ಊರಿನ ಬಾಯಲ್ಲಿ ಅವರು ಕೊನೆಯತನಕ ಟೈಪಿಂಗ್ ಸರ್ ಆಗಿಯೇ ಉಳಿದರು.

ನಾನು ಅಲ್ಲಿಂದ ಬಸ್ಸಿಗೆ ಅರ್ಧ ತಾಸಿನ ದಾರಿಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಗೆ ಬಾಯಾರು ಎನ್ನುತ್ತಾರೆ. ಮೂವತ್ತೆಂಟನೇ ವಯಸ್ಸಿನಲ್ಲಿ, ಬೆರಳು ಬಳಪ ಹಿಡಿದು ಬಿರುಸಾದ ಮೇಲೆ, ನಾನು ಟೈಪಿಂಗ್ ಕಲಿಯಲು ಆ ಮಾಳಿಗೆ ಹತ್ತಿದೆ. ಅದಕ್ಕೆ ಕಾರಣ ಒಡಪು.

ಒಡಪು ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಮಾತಾಡುವುದಿಲ್ಲ. ಹೇಳಲೇಬೇಕಾದ ಒಂದು ಗಳಿಗೆ ಬರುತ್ತದೆ. ಮದುವೆಯಾಗಿ ಮನೆ ತುಂಬುವಾಗ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಲ್ಲುತ್ತಾರೆ. ಪ್ರಾಸ ಹಚ್ಚಿದ ಎರಡು ಸಾಲಿನ ಒಳಗೆ ಗಂಡನ ಹೆಸರು ಸೇರಿಸಿ ಹೇಳಿದರೆ ಮಾತ್ರ ದಾರಿ ಬಿಡುತ್ತಾರೆ. ಆ ಎರಡು ಸಾಲೇ ಒಡಪು. ಇದು ನಾಲ್ಕು ಜನರ ಮುಂದೆ ಹೇಳುವ ಮಾತಾಯಿತು. ರೊಟ್ಟಿ ಬಡಿಯುವಾಗ, ಶೇಂಗಾ ಬಿಡಿಸುವಾಗ ಹೆಂಗಸರು ಹೆಂಗಸರೇ ಕುಳಿತು ಹೇಳುವ ಒಡಪುಗಳು ಬೇರೆ. ಅವುಗಳಲ್ಲಿ ಗಂಡನ ಹೆಸರಿನ ಜೊತೆ ಅವನ ಗುಣವೂ ಹೊರಗೆ ಬರುತ್ತದೆ. ಕೇಳಿ ಹೊಟ್ಟೆ ಹಿಡಿದು ನಗಬೇಕು, ಕೆಲವು ಕೇಳಿದರೆ ಎದ್ದು ಹೋಗಿ ಮುಖ ತೊಳೆದುಕೊಂಡು ಬರಬೇಕು.

ಶಾಲೆಯಲ್ಲಿ ಒಮ್ಮೆ ತಾಯಂದಿರ ಸಭೆ ಕರೆದಿದ್ದೆವು. ಬರಬೇಕಾದ ಅಧಿಕಾರಿ ಬರಲಿಲ್ಲ. ಹೊತ್ತು ಹೋಗಲಿ ಎಂದು ಹೆಣ್ಣುಮಕ್ಕಳು ಒಡಪು ಶುರು ಮಾಡಿದರು, ನಾನು ಹಾಜರಿ ಹಾಳೆಯ ಬೆನ್ನಿಗೆ ಬರೆದುಕೊಂಡೆ. ಆ ಚಟ ಹನ್ನೆರಡು ವರ್ಷ ಬಿಡಲಿಲ್ಲ. ರಜೆ ಬಂದರೆ ದೇಗಾಂವ, ಸವದತ್ತಿ ಕಡೆಯ ಹಳ್ಳಿಗಳು, ರಾಮದುರ್ಗದ ಬೀಗರ ಮನೆ, ಹೀಗೆ ಹೋದಲ್ಲೆಲ್ಲ ಅಡುಗೆಮನೆ ಹೊಕ್ಕು ಕುಳಿತುಬಿಡುತ್ತಿದ್ದೆ. ಹೆಣ್ಣುಮಕ್ಕಳು ಮೊದಲು ನಾಚುತ್ತಿದ್ದರು, ಆಮೇಲೆ ಸಾಕೆಂದರೂ ಬಿಡುತ್ತಿರಲಿಲ್ಲ.

ಮುನವಳ್ಳಿಯಲ್ಲಿ ಶಾವಿಗೆ ಹೊಸೆಯುವ ಒಬ್ಬ ಹೆಣ್ಣುಮಗಳಿದ್ದಳು. ಅವಳ ಗಂಡ ಅದೇ ಊರಲ್ಲಿ ಇನ್ನೊಂದು ಮನೆ ಮಾಡಿದ್ದ. ದಿನಾ ಅವಳ ಬಾಗಿಲ ಮುಂದಿನಿಂದಲೇ ಆ ಮನೆಗೆ ಹೋಗುತ್ತಿದ್ದ. ಅವಳು ಅದರ ಮೇಲೆ ಒಂದು ಒಡಪು ಕಟ್ಟಿದ್ದಳು. ಮೊದಲ ಸಲ ಕೇಳಿದರೆ ನಗೆ ಬರುತ್ತಿತ್ತು. ಎರಡನೆಯ ಸಲ ಬರುತ್ತಿರಲಿಲ್ಲ. ಅದು ಏನೆಂದು ನಾನಿಲ್ಲಿ ಹೇಳುವುದಿಲ್ಲ. ಹೇಳಿ ಮುಗಿಸಿ ಅವಳು ನನ್ನ ಕೈ ಹಿಡಿದುಕೊಂಡಳು.

"ಬಾಯಾರ, ಇದು ನಿಮ್ಮ ಕೂಡ ಇರಲಿ. ಗಂಡಸರ ಕಿವಿಗೆ ಬೀಳಬಾರದು ನೋಡ್ರಿ."

"ಬೀಳೂದಿಲ್ಲವಾ. ನಿನ್ನ ಕೈ ಮುಟ್ಟಿ ಹೇಳತೇನಿ," ಎಂದೆ.

ಹೇಳಿದ್ದು ಅವಳೊಬ್ಬಳಿಗೇ ಅಲ್ಲ. ಇಂಥ ಮಾತು ಹೇಳಿದ ಪ್ರತಿಯೊಬ್ಬಳಿಗೂ ಹೀಗೇ ಮಾತು ಕೊಟ್ಟಿದ್ದೆ. ಒಡಪು ಬರೆದಿಟ್ಟ ನೋಟುವಹಿಗಳಿಗೆ ಗೆದ್ದಲು ಹತ್ತಿದಾಗ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಬೇಕೆಂದು ಯೋಚಿಸಿದೆ. ಟೈಪ್ ಮಾಡುವವರು ನೋಡಿದರೆ ಬೈಲಹೊಂಗಲದಲ್ಲಿ ಎಲ್ಲರೂ ಗಂಡಸರೇ. ಬೇರೆಯವರ ಕೈಗೆ ಕೊಡುವ ಹಾಗಿರಲಿಲ್ಲ. ನಾನೇ ಕಲಿಯಬೇಕಾಯಿತು.

ಮೊದಲ ದಿನವೇ ಈ ಸಂಗತಿಯನ್ನು ಸರ್‌ಗೆ ಬಿಚ್ಚಿ ಹೇಳಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗಾರ ನಾ ನಿಮ್ಮ ಬೆರಳ ನೋಡತೇನಿ ಬಾಯಾರ, ಪರದೆ ನೋಡೂದಿಲ್ಲ," ಎಂದರು. ಹಾಗೆಯೇ ನಡೆದುಕೊಂಡರು. ನಾಲ್ಕು ತಿಂಗಳು ಅವರು ನನ್ನ ಬೆನ್ನ ಹಿಂದೆ ಬಂದು ನಿಲ್ಲಲಿಲ್ಲ. ಮಾನಿಟರಿನ ಹಿಂಭಾಗದಲ್ಲಿ, ನನಗೆ ಎದುರಾಗಿ ನಿಂತು, ಕೀಲಿಮಣೆಯ ಮೇಲಿನ ನನ್ನ ಕೈಗಳನ್ನಷ್ಟೇ ನೋಡುತ್ತ ಕಲಿಸಿದರು. ಬೆರಳಿನ ಚಲನೆಯಿಂದಲೇ ತಪ್ಪು ಹಿಡಿಯುತ್ತಿದ್ದರು. "ಎಡಗೈ ಉಂಗುರದ ಬೆರಳು ಮೈಗಳ್ಳ ಐತಿ ನಿಮ್ಮದು, ಅದಕ್ಕ ಸ್ವಲ್ಪ ಕೆಲಸ ಹಚ್ರಿ," ಎನ್ನುತ್ತಿದ್ದರು. ಅಂಥ ಮನುಷ್ಯನನ್ನು ನಂಬದೆ ಯಾರನ್ನು ನಂಬಲಿ?

ಟೈಪ್ ಮಾಡಲು ಕುಳಿತಾಗ ಇನ್ನೊಂದು ಪೇಚು ಎದುರಾಯಿತು. ಊರಮಂದಿಯ ಗಂಡಂದಿರ ಹೆಸರನ್ನೆಲ್ಲ ಬರೆಯುವುದಕ್ಕೆ ನನಗೆ ಮುಜುಗರ. ಹೆಸರು ಗೊತ್ತಾದರೆ ಹೆಣ್ಣುಮಗಳ ಗುರುತೂ ಸಿಕ್ಕಿಬಿಡುತ್ತದೆ. ನನ್ನ ತವರುಮನೆಯಲ್ಲಿ ಸೋಮ, ಭೀಮ ಎಂಬ ಎರಡು ಎತ್ತುಗಳಿದ್ದವು. ಅವುಗಳಿಗೆ ಒಂದೊಂದು ರಾಯ ಅಂಟಿಸಿ, ಗಂಡನ ಹೆಸರು ಬಂದಲ್ಲೆಲ್ಲ ಸೋಮರಾಯ ಇಲ್ಲವೆ ಭೀಮರಾಯ ಎಂದು ಹಾಕುತ್ತ ಹೋದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ನಮ್ಮ ಮನೆಯವರಿಗೂ.

ಕಂಪ್ಯೂಟರ್ ನನ್ನ ತಮ್ಮ ಬಳಸಿ ಬಿಟ್ಟದ್ದು. ಬೆಳಿಗ್ಗೆ ಚಾಲೂ ಮಾಡಿ, ಒಲೆಯ ಮೇಲೆ ಚಹಾ ಇಟ್ಟು ಬಂದರೆ, ಚಹಾ ಕುದಿಯುವ ಹೊತ್ತಿಗೆ ಅದೂ ಕಣ್ಣು ತೆರೆಯುತ್ತಿತ್ತು. ಮಳೆಗಾಲದಲ್ಲಿ ಒಂದು ದಿನ ನಾನು ಟೈಪ್ ಮಾಡುತ್ತಿರುವಾಗಲೇ ಕರೆಂಟು ಹೋಯಿತು. ಮರುದಿನ ತೆರೆದರೆ ದೇಗಾಂವದ ಒಡಪುಗಳ ಜಾಗದಲ್ಲಿ ಬರೀ ಚೌಕಗಳು. ಕೆದಕಿ ಕೆದಕಿ ನೋಡಿದರೂ ಒಂದು ಅಕ್ಷರ ಸಿಗಲಿಲ್ಲ. ವಹಿ ಆಗಲೇ ಗೆದ್ದಲಿಗೆ ಹೋಗಿತ್ತು. ಮತ್ತೆ ಕೇಳೋಣವೆಂದು ದೇಗಾಂವಕ್ಕೆ ಹೋದರೆ, ಹೆಚ್ಚು ಹೇಳಿದ್ದ ವಯಸ್ಸಾದ ಆಯಿ ತೀರಿಕೊಂಡಿದ್ದರು. ನಾನು ಕ್ಲಾಸಿಗೆ ಹೋಗಿ ಸರ್ ಮುಂದೆ ಅತ್ತುಬಿಟ್ಟೆ.

ಅವರು ಮರುದಿನವೇ ಮನೆಗೆ ಬಂದರು. "ಇನ್ನ ಹಿಂಗ ಆಗಬಾರದು. ನೀವು ಬಂದ್ ಮಾಡೂ ಮುಂದ ತನ್ನಿಂದ ತಾನ ಒಂದ ಕಾಪಿ ಬಾಜೂಕ ಇಡೂ ಹಂಗ ಮಾಡತೇನಿ," ಎಂದು ಅದೇನೋ ಒಂದು ಪ್ರೋಗ್ರಾಂ ಹಾಕಿದರು. ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕ, ಹಳದಿ ಬಣ್ಣದ ಸಣ್ಣ ಚಿತ್ರವೊಂದು ಬಂದು ಕುಳಿತಿತು. "ಇದಕ್ಕ ಕೈ ಹಚ್ಚಬ್ಯಾಡ್ರಿ. ಇದು ನಿಮ್ಮ ಕಾವಲಿಗೆ ಐತಿ," ಎಂದರು. ನಾನು ಕೈ ಹಚ್ಚಲಿಲ್ಲ.

ಅದರ ಮುಂದಿನ ವಾರದಿಂದ ಕಂಪ್ಯೂಟರ್ ಬಂದ್ ಆಗಲು ತಕರಾರು ತೆಗೆಯಿತು. ಬಂದ್ ಮಾಡು ಎಂದು ಒತ್ತಿದರೆ ನೀಲಿ ಪರದೆ ಬರುತ್ತಿತ್ತು, ಬಿಳಿ ಚುಕ್ಕಿಗಳು ಗಿರಗಿರ ತಿರುಗುತ್ತಿದ್ದವು, ಸ್ವಲ್ಪ ಹೊತ್ತಿಗೆ ಚುಕ್ಕಿಗಳೂ ನಿಂತುಬಿಡುತ್ತಿದ್ದವು. ಆಮೇಲೆ ಮೌಸೆಂಬ ಇಲಿ ಅಲುಗಾಡಿಸಿದರೂ ಇಲ್ಲ, ಕೀಲಿ ಬಡಿದರೂ ಇಲ್ಲ. ಕೆಲವು ದಿನ ನೆಟ್ಟಗೆ ಬಂದ್ ಆಗುತ್ತಿತ್ತು, ಕೆಲವು ದಿನ ಇಲ್ಲ. ನಮ್ಮ ಮನೆಯವರಿಗೆ ಕಾಯುವ ಜಾಯಮಾನವೇ ಇಲ್ಲ. "ಮಂಗ್ಯಾನಂಗ ಅದರ ಮುಂದ ಎಷ್ಟೊತ್ತ ಕುಂಡ್ರತಿ? ವಾಯರ್ ಕಿತ್ತ ಒಗಿ," ಎಂದು ತಾವೇ ಬಂದು ಪ್ಲಗ್ಗು ಎಳೆದುಬಿಡುತ್ತಿದ್ದರು. ಇವತ್ತು ಯಾವ ಊರಿನ ಹೆಣ್ಣುಮಕ್ಕಳು ಚೌಕಗಳಾಗಿ ಹೋದರೋ ಎಂದು ಮರುದಿನ ತೆರೆಯುವತನಕ ನನಗೆ ಜೀವ ಇರುತ್ತಿರಲಿಲ್ಲ.

ಸರ್ ಭಾನುವಾರಗಳಂದು ಬರತೊಡಗಿದರು. ಬಟ್ಟೆಯ ಚೀಲದಲ್ಲಿ ಒಂದು ಸ್ಕ್ರೂಡ್ರೈವರ್, ದಾಡಿ ಮಾಡುವ ಹಳೆಯ ಬ್ರಶ್ಶು, ಶಾಲೆಯ ಮಕ್ಕಳು ಪೆನ್ಸಿಲ್ ಅಳಿಸುವ ಖೋಡರಬ್ಬರು. ಕೈಗಡಿಯಾರ ಬಿಚ್ಚಿ ಅಂಗಿಯ ಕಿಸೆಗೆ ಹಾಕಿ, ಕಿಟಕಿಯ ಸರಳನ್ನೊಮ್ಮೆ ಮುಟ್ಟಿ, ಆಮೇಲೆಯೇ ಕಂಪ್ಯೂಟರಿನ ಡಬ್ಬಿಯ ಬಾಗಿಲು ತೆಗೆಯುತ್ತಿದ್ದರು. ಮೈಯಲ್ಲಿನ ಕರೆಂಟು ಸರಳಿಗೆ ಹೋಗಲಿ ಎಂದಂತೆ. ಬ್ರಶ್ಶಿನಿಂದ ಫ್ಯಾನಿನ ಧೂಳು ತೆಗೆಯುತ್ತಿದ್ದರು. ಒಳಗಿನ ಮೆಮರಿ ಪಟ್ಟಿಯನ್ನು ಕಿತ್ತು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಖೋಡರಬ್ಬರಿನಿಂದ ತಿಕ್ಕುತ್ತಿದ್ದರು.

ಅವರ ಪದ್ಧತಿ ಒಂದೇ. "ಒಂದ ಸಲಕ್ಕ ಒಂದ ಬದಲ ಮಾಡಬೇಕ್ರಿ. ಎರಡ ಮಾಡಿದ್ರ ಯಾವದರಿಂದ ರಿಪೇರಿ ಆತು ಅನ್ನೂದು ದೇವರಿಗೂ ಗೊತ್ತಾಗೂದಿಲ್ಲ." ಮಾಡಿದ್ದನ್ನು ಬರೆದಿಡಬೇಕು. ಅದಕ್ಕೆ ನನ್ನಿಂದ ಒಂದು ಇನ್ನೂರು ಪುಟದ ವಹಿ ತರಿಸಿದ್ದರು. ಒಂದೊಂದು ವಾರಕ್ಕೆ ಒಂದೊಂದು ಸಾಲು, ಅವರ ದುಂಡಗಿನ ಅಕ್ಷರದಲ್ಲಿ: ಪ್ರಿಂಟರಿನ ವಾಯರ್ ತೆಗೆದು ನೋಡಿದೆ, ಫರಕಿಲ್ಲ. ಇಲಿ ಬದಲಿಸಿದೆ, ಫರಕಿಲ್ಲ. ವೈರಸ್ ಹಿಡಿಯುವ ಪ್ರೋಗ್ರಾಂ ತೆಗೆದು ನೋಡಿದೆ, ಫರಕಿಲ್ಲ. ಡಿಸ್ಕ್ ತಪಾಸಣೆ, ದೋಷವಿಲ್ಲ. ಬೇಗ ಚಾಲೂ ಆಗುವ ಸೌಲಭ್ಯ ತೆಗೆದೆ, ಎರಡು ದಿನ ಸರಿ, ಮೂರನೇ ದಿನ ಮತ್ತೆ ಅದೇ. ವಹಿಯ ಪುಟಗಳು ತುಂಬುತ್ತ ಹೋದವು. ನನಗೆ ಅವರ ತಾಳ್ಮೆ ಕಂಡು ಸಂಕೋಚವಾಗುತ್ತಿತ್ತು. ಭಾನುವಾರ ಅವರಿಗೆಂದೇ ಚುರುಮುರಿಯ ಗಿರಮಿಟ್ಟು ಮಾಡಿಡುತ್ತಿದ್ದೆ.

ಒಂದು ಭಾನುವಾರ ನೀಲಿ ಪರದೆಯ ಮುಂದೆ ಇಬ್ಬರೂ ಕಾಯುತ್ತ ಕುಳಿತಿದ್ದೆವು. ಸರ್ ನನ್ನ ಪುಸ್ತಕದ ಕಪಾಟಿನಿಂದ ಒಂದು ಕವನ ಸಂಕಲನ ಎಳೆದರು, ನಮ್ಮ ತಾಲೂಕಿನವರೇ ಬರೆದದ್ದು. ಮುಖಪುಟ ನೋಡಲಿಲ್ಲ. ನೇರ ಕಡೆಯ ಪುಟ ತೆಗೆದು, ತಳದಲ್ಲಿನ ಇರುವೆಯಂಥ ಅಕ್ಷರದ ಸಾಲಿನ ಮೇಲೆ ಆ ಸೊಟ್ಟ ಬೆರಳಿಟ್ಟರು. ಅಕ್ಷರ ಜೋಡಣೆ ಎಂದಿತ್ತು, ಮುಂದೆ ಅವರ ಹೆಸರು.

"ನಲವತ್ತ ವರ್ಷ ಮಂದಿ ಬರದದ್ದ ಬಡದೇನ್ರಿ ಬಾಯಾರ. ಎಷ್ಟ ಪುಸ್ತಕ ಆಗಿರಬೇಕು? ನನ್ನ ಹೆಸರ ಇರೂದು ಇಲ್ಲೇ ನೋಡ್ರಿ. ಇದನ್ನ ಯಾರ ಓದತಾರ?"

"ನಾನು ಓದತೇನ್ರಿ ಸರ್," ಎಂದೆ. ಅವರಿಗೆ ಸಮಾಧಾನ ಹೇಳಬೇಕೆಂದು ಹೇಳಿದ್ದೇ ಹೊರತು ನಿಜವಾಗಿ ಯಾವತ್ತೂ ಓದಿರಲಿಲ್ಲ. ಅವರು ಪುಸ್ತಕವನ್ನು ಮತ್ತೆ ಅದೇ ಜಾಗದಲ್ಲಿಟ್ಟರು.

ಹೀಗೆ ಒಂದು ವರ್ಷ ಕಳೆಯಿತು. ಆ ಬೇಸಿಗೆಯಲ್ಲಿ ಕಿತ್ತೂರಿನಲ್ಲಿ ನಮ್ಮ ಸಂಬಂಧಿಕರದೊಂದು ಲಗ್ನವಿತ್ತು. ಈಗ ಲಗ್ನಗಳಲ್ಲಿ ಮೈಕು ಹಿಡಿದು ನಗಿಸುವವರನ್ನು ಕರೆಸುವ ರೂಢಿ ಬಂದಿದೆ. ಅಲ್ಲಿಗೆ ಕರೆಸಿದ್ದಾತ ವೇದಿಕೆಯ ಮೇಲೆ ಕೆಂಪು ರಟ್ಟಿನ ಸಣ್ಣ ಪುಸ್ತಕ ಹಿಡಿದು ಒಡಪು ಓದುತ್ತಿದ್ದ, ಹೆಸರು ಬರುವಲ್ಲಿ ಮದುಮಗನ ಹೆಸರು ಸೇರಿಸುತ್ತಿದ್ದ. ನಾನು ಊಟದ ಪಂಕ್ತಿಯಲ್ಲಿದ್ದೆ. ಎರಡು ಮೂರು ಎಲ್ಲೋ ಕೇಳಿದ ಹಾಗಿವೆ ಅನ್ನಿಸಿತು. ಒಡಪು ಊರೂರಿಗೆ ಹರಿದಾಡುತ್ತವೆ, ಇರಲಿ ಎಂದುಕೊಂಡೆ. ನಾಲ್ಕನೆಯದು ಮುನವಳ್ಳಿಯ ಹೆಣ್ಣುಮಗಳದು. ಹೆಸರೊಂದು ಬಿಟ್ಟರೆ ಒಂದು ಅಕ್ಷರವೂ ಹೆಚ್ಚುಕಡಿಮೆ ಇಲ್ಲ. ಇಡೀ ಮಂಟಪ ಘೊಳ್ಳೆಂದು ನಕ್ಕಿತು, ಗಂಡಸರೇ ಹೆಚ್ಚು. ನಾನು ಎಲೆ ಬಿಟ್ಟು ಎದ್ದೆ.

ಕೈ ತೊಳೆದು ನೇರ ವೇದಿಕೆಗೆ ಹೋಗಿ, ಆ ಪುಸ್ತಕ ಸ್ವಲ್ಪ ಕೊಡಪ್ಪಾ ಎಂದು ಇಸಿದುಕೊಂಡೆ. ತೆರೆದ ಮೊದಲ ಪುಟದಲ್ಲೇ ಇತ್ತು: "ಬಿಳಿಜ್ವಾಳದ ರೊಟ್ಟಿಗೆ ಎಣ್ಣಿಬದನೀಕಾಯಿ, ಸೋಮರಾಯರು ಬಡಸಂದ್ರ ಒಲ್ಲೆ ಅನ್ನೂದಿಲ್ಲ ಬಾಯಿ." ಪುಟ ತಿರುವಿದೆ. ಭೀಮರಾಯರು. ಮತ್ತೆ ತಿರುವಿದೆ. ಸೋಮರಾಯರು. ಇಡೀ ಪುಸ್ತಕದ ಅಷ್ಟೂ ಹೆಂಡಂದಿರಿಗೆ ಇಬ್ಬರೇ ಗಂಡಂದಿರು, ಅವರಿಬ್ಬರೂ ನಮ್ಮ ತವರುಮನೆಯ ಕೊಟ್ಟಿಗೆಯವರು. ಬೇರೆ ಹೊತ್ತಾಗಿದ್ದರೆ ನಾನೇ ಬಿದ್ದು ಬಿದ್ದು ನಗುತ್ತಿದ್ದೆ. ಮುಖಪುಟಕ್ಕೆ ಬಂದೆ. ಸಂಗ್ರಾಹಕರು ಎಂದು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ ಶಾಲು ಹೊದ್ದ ಸರ್ ಅವರ ಭಾವಚಿತ್ರ ಮತ್ತು ಅವರ ಹೆಸರು.

ನಂಬಲಿಲ್ಲ. ನಿಜ ಹೇಳುತ್ತೇನೆ, ಕಣ್ಣಾರೆ ಕಂಡರೂ ನಂಬಲಿಲ್ಲ. ಬೈಲಹೊಂಗಲದ ಬಸ್ಸಿನಲ್ಲಿ ಕುಳಿತು ಅವರ ಪರವಾಗಿ ನಾನೇ ವಕೀಲಿಕೆ ಮಾಡಿದೆ. ಪರದೆ ನೋಡದೆ ಕಲಿಸಿದವರು. ಭಾನುವಾರ ಬಂದಾಗಲೂ ಕಡತ ತೆರೆಯಬೇಕಾದರೆ ನನ್ನನ್ನೇ ಕರೆಯುತ್ತಿದ್ದವರು. ಪೆನ್‌ಡ್ರೈವ್ ಎಂದೂ ಹಚ್ಚಿದವರಲ್ಲ. ಹಾಗಾದರೆ ಇದು ಹೊರಗೆ ಹೋದದ್ದು ಹೇಗೆ?

ಮನೆಗೆ ಬಂದು ಸೀರೆ ಕೂಡ ಬದಲಿಸದೆ ಆ ವಹಿ ತೆಗೆದು ಕುಳಿತೆ. ವರ್ಷವಿಡೀ ಬಿಚ್ಚಿ ನೋಡಿದ್ದರ ಪಟ್ಟಿ. ಮೇಲಿಂದ ಕೆಳಗೆ ಬೆರಳಿಟ್ಟು ಓದಿದೆ, ಮಕ್ಕಳ ಹಾಜರಿ ಕೂಗುವ ಹಾಗೆ. ಇಲಿ ಇತ್ತು, ಪ್ರಿಂಟರ್ ಇತ್ತು, ಖೋಡರಬ್ಬರೂ ಇತ್ತು. ಆ ಡಬ್ಬಿಯ ಒಳಗೆ ಹೊರಗೆ ಇರುವ ಎಲ್ಲವನ್ನೂ ಅವರು ಒಂದೊಂದಾಗಿ ತೆಗೆದು ನೋಡಿದ್ದರು. ಒಂದನ್ನು ಬಿಟ್ಟು. ಗಡಿಯಾರದ ಪಕ್ಕದ ಹಳದಿ ಚಿತ್ರದ ಹೆಸರು ಆ ವಹಿಯಲ್ಲಿ ಎಲ್ಲಿಯೂ ಇರಲಿಲ್ಲ.

ಅದನ್ನು ತೆರೆದೆ. ಕಾಪಿ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಎರಡು ಸಾಲುಗಳಿದ್ದವು. ಮೊದಲನೆಯದು ನನ್ನ ಕಂಪ್ಯೂಟರಿನ ಇನ್ನೊಂದು ಭಾಗ. ಎರಡನೆಯದು ಇಂಟರ್‌ನೆಟ್ಟಿನ ಮೂಲಕ ಅವರ ಕ್ಲಾಸಿನ ಕಂಪ್ಯೂಟರ್. ನಮ್ಮ ಓಣಿಯ ನೆಟ್ಟು ಒಂದು ದಿನ ಇದ್ದರೆ ಒಂದು ದಿನ ಇಲ್ಲ. ನೆಟ್ಟು ಇದ್ದ ದಿನ ಒಡಪು ಅವರಲ್ಲಿಗೆ ಹೋಗಿ ಕಂಪ್ಯೂಟರ್ ಬಂದ್ ಆಗುತ್ತಿತ್ತು. ಇಲ್ಲದ ದಿನ ಅದು ದಾರಿ ಕಾಯುತ್ತ ನೀಲಿ ಪರದೆಯಲ್ಲಿ ನಿಂತುಬಿಡುತ್ತಿತ್ತು. ಇಷ್ಟೇ ಅದರ ಕಾಯಿಲೆ.

ನೆಟ್ಟು ಇಲ್ಲದ ದಿನದಂತಾಗಲಿ ಎಂದು ಮೊದಲು ನೆಟ್ಟಿನ ಡಬ್ಬಿ ಆರಿಸಿದೆ. ಸರ್ ಕಲಿಸಿದ ಹಾಗೆ ಬೇರೇನನ್ನೂ ಮುಟ್ಟದೆ ಆ ಎರಡನೆಯ ಸಾಲೊಂದನ್ನೇ ಅಳಿಸಿದೆ. ಬಂದ್ ಮಾಡು ಎಂದು ಒತ್ತಿದೆ. ನೀಲಿ ಪರದೆ ಬಂತು, ಚುಕ್ಕಿಗಳು ನಾಲ್ಕು ಸುತ್ತು ತಿರುಗಿದವು, ಕಂಪ್ಯೂಟರ್ ತೆಪ್ಪಗೆ ಬಂದ್ ಆಯಿತು. ಮತ್ತೆ ಚಾಲೂ ಮಾಡಿ ಮತ್ತೆ ಬಂದ್ ಮಾಡಿದೆ. ಐದು ಸಲ ಮಾಡಿದೆ. ಐದೂ ಸಲ ಒಂದು ತಕರಾರಿಲ್ಲ. ಒಂದು ಸಲವಾದರೂ ನಿಂತುಹೋಗಲಿ ದೇವರೇ ಎಂದು ಬೇಡಿಕೊಂಡೆ, ಅವರದು ತಪ್ಪಿಲ್ಲ ಎಂದುಕೊಳ್ಳಲು ಒಂದು ನೆಪವಾದರೂ ಸಿಗಲಿ ಎಂದು. ಸಿಗಲಿಲ್ಲ. ಪುಸ್ತಕ ಕಂಡಾಗ ಬಾರದ ಅಳು ಆಗ ಬಂತು.

ಮರುದಿನ ಶಾಲೆಗೆ ರಜೆ ಹಾಕಿ ಮಾಳಿಗೆ ಹತ್ತಿದೆ. ಸರ್ ಒಬ್ಬರೇ ಇದ್ದರು. ನನ್ನ ಕೈಯಲ್ಲಿನ ಕೆಂಪು ಪುಸ್ತಕ ಕಂಡು ಎದ್ದು ನಿಂತರು.

"ಕುಂಡ್ರಿ ಬಾಯಾರ."

"ಕುಂಡ್ರಾಕ ಬಂದಿಲ್ರಿ. ಮಿಷಿನ್ ಯಾಕ ನಿಲ್ಲತಿತ್ತು ಅನ್ನೂದು ನಿಮಗ ಯಾವಾಗ ಗೊತ್ತಾತು?"

ಅವರು ಸುಳ್ಳು ಹೇಳಿದ್ದರೆ ನಾನು ಇವತ್ತಿಗೂ ಅರ್ಧ ನಂಬುತ್ತಿದ್ದೆನೋ ಏನೋ. ಹೇಳಲಿಲ್ಲ. "ಎರಡನೇ ವಾರಕ್ಕ ಗೊತ್ತಾತು," ಎಂದರು.

"ಆಮ್ಯಾಲ ವರ್ಷಗಟ್ಲೆ ಖೋಡರಬ್ಬರ ತಗೊಂಡ ತಿಕ್ಕಿದ್ದು?"

"ಅದನ್ನ ತಗದಿದ್ರ ಬಾಕಿ ಉಳದದ್ದು ಬರತಿದ್ದಿಲ್ರಿ."

ಇಷ್ಟು ಸರಳವಾಗಿ ಹೇಳಿದರು. ನನ್ನನ್ನು ಒಂದು ಮಾತು ಕೇಳಬಹುದಾಗಿತ್ತಲ್ಲ ಎಂದೆ. "ಕೇಳಿದ್ರ ಒಲ್ಲೆ ಅಂತಿದ್ರಿ," ಎಂದರು. ಆಮೇಲೆ ಮೇಜಿನ ಅಂಚು ಹಿಡಿದುಕೊಂಡು, ನನ್ನನ್ನು ನೋಡದೆ ಹೇಳಿದರು: "ಮೊದಲ ಖರೇನ ನಿಮ್ಮ ಸಲುವಾಗಿನ ಹಾಕಿದ್ದೆ. ಮತ್ತೊಮ್ಮೆ ಹೋಗಬಾರದು ಅಂತ ಇಲ್ಲೊಂದ ಕಾಪಿ. ಒಂದ ದಿನ ತಗದ ಓದಿದೆ. ಓದಬಾರದಿತ್ತು. ಇಂಥಾದ್ದು ನಲವತ್ತ ವರ್ಷದಾಗ ಒಂದೂ ನನ್ನ ಕೈಯಾಗ ಬಡದಿಲ್ಲ. ಒಂದ ಪುಸ್ತಕ ಬಾಯಾರ, ಒಂದರ ಮ್ಯಾಲ ನನ್ನ ಹೆಸರ."

"ಮುನವಳ್ಳಿ ಹೆಣ್ಣಮಗಳಿಗೆ ನಾ ಏನಂತ ಹೇಳ್ಲಿ?"

ನಾನು ಪುಸ್ತಕವನ್ನು ಟೈಪ್‌ರೈಟರಿನ ಮೇಲಿಟ್ಟು ಇಳಿದುಬಂದೆ. ಅದೇ ಅವರನ್ನು ಕಡೆಯ ಸಲ ಕಂಡದ್ದು.

ಮುನವಳ್ಳಿಗೆ ಹೋಗಲು ಧೈರ್ಯ ಬರುವುದಕ್ಕೆ ಎರಡು ವಾರ ಬೇಕಾಯಿತು. ಅವಳಿಗೆ ಆಗಲೇ ತಿಳಿದಿತ್ತು. ಪುಸ್ತಕದಲ್ಲಿ ಹೆಸರು ಬೇರೆ ಇದ್ದರೇನು, ಎರಡು ಮನೆ, ಒಂದು ಓಣಿ, ಊರಿಗೆ ಗುರುತು ಹತ್ತದೆ ಇರುತ್ತದೆಯೆ? ಚಹಾದಂಗಡಿಯ ಮುಂದೆ ಯಾರೋ ಅವಳ ಗಂಡನಿಗೇ ಓದಿ ತೋರಿಸಿ ನಕ್ಕಿದ್ದರಂತೆ. ಅವನು ಮನೆಗೆ ಬಂದು ಶಾವಿಗೆ ಒಣಹಾಕುವ ಕೋಲುಗಳನ್ನೆಲ್ಲ ಮುರಿದು ಹೋಗಿದ್ದನಂತೆ. ಅವಳು ನನಗೆ ಬೈಯಲಿಲ್ಲ. ಚಾಪೆ ಹಾಸಿದಳು, ನೀರು ಕೊಟ್ಟಳು, ನಾನು ಕಂಪ್ಯೂಟರಿನ ಕಥೆಯನ್ನೆಲ್ಲ ಹೇಳಿ ಮುಗಿಸುವವರೆಗೆ ಕುಳಿತು ಕೇಳಿದಳು.

"ಆ ಮಿಷಿನ್ ಗಿಷಿನ್ ನನಗ ತಿಳಿಯೂದಿಲ್ರಿ ಬಾಯಾರ. ನಾ ಹೇಳಿದ್ದು ನಿಮ್ಮ ಮುಂದ." ನೀರಿನ ತಂಬಿಗೆ ಎತ್ತಿಕೊಂಡು ಹೇಳಿದಳು: "ಇನ್ನ ಒಡಪ ಕೇಳಾಕ ಬರಬ್ಯಾಡ್ರಿ. ಹಂಗ ಬರ್ರಿ, ಚಾ ಕುಡದ ಹೋಗ್ರಿ."

ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಮಾತು ಕೊಟ್ಟವಳು ನಾನು. ಆಮೇಲೆ ನಾನು ಯಾವ ಊರಿಗೂ ಹೋಗಲಿಲ್ಲ. ನನ್ನ ಶಾಲೆಯ ತಾಯಂದಿರು ಕೂಡ ನಾನು ಹತ್ತಿರ ಹೋದರೆ ಮಾತು ಬದಲಿಸುತ್ತಾರೆ. ಕಂಪ್ಯೂಟರ್ ಮಾತ್ರ ಈಗ ಹೇಳಿದ ಕೂಡಲೇ ಬಂದ್ ಆಗುತ್ತದೆ.

ಸರ್ ಕಳೆದ ವರ್ಷ ತೀರಿಕೊಂಡರು. ಕ್ಲಾಸಿನ ಮೆಟ್ಟಿಲು ಹತ್ತುವಾಗ ಎದೆನೋವು ಬಂದು ಅಲ್ಲೇ ಕುಳಿತವರು ಏಳಲಿಲ್ಲವಂತೆ. ಮಣ್ಣಿಗೆ ನಾನು ಹೋಗಲಿಲ್ಲ. ಹೋಗು ಎಂದು ನಮ್ಮ ಮನೆಯವರು ಹೇಳಿದರು, ನಾನು ಒಲ್ಲೆ ಎಂದೆ. ಹದಿನೈದು ದಿನ ಕಳೆದ ಮೇಲೆ ಸರ್ ಹೆಂಡತಿ ಹೇಳಿ ಕಳಿಸಿದರು, ಒಮ್ಮೆ ಬಂದು ಹೋಗಬೇಕಂತೆ ಎಂದು. ಅವರ ಮನೆಗೆ ನಾನು ಹೆಚ್ಚು ಹೋದವಳಲ್ಲ. ಕಂಡಾಗ ಅತ್ತಿಗೆಗೆ ಎನ್ನುವಂತೆ ವೈನಿ ಎನ್ನುತ್ತಿದ್ದೆ, ಅವರು ನಗುತ್ತಿದ್ದರು, ಅಷ್ಟೇ ಪರಿಚಯ. ಒಲ್ಲದ ಮನಸ್ಸಿನಿಂದಲೇ ಹೋದೆ. ನಡುಮನೆಯ ಕಪಾಟಿನಲ್ಲಿ ಕೆಂಪು ಪುಸ್ತಕದ ಪ್ರತಿಗಳು ಒಟ್ಟಿದ್ದವು.

ವೈನಿಗೆ ಎಲ್ಲ ಗೊತ್ತಿತ್ತು. ಸರ್ ಅವರೇ ಹೇಳಿದ್ದರಂತೆ. "ಅವರು ಮಾಡಿದ್ದು ಖೋಟಾ ಕೆಲಸ, ಬಾಯಾರ. ಅದಕ್ಕ ನಾ ಏನೂ ಹೇಳಾಕ ಕರಸಿಲ್ಲ," ಎಂದರು. ಆಮೇಲೆ ಕಪಾಟಿನ ಕಡೆ ನೋಡಿದರು. "ಊರಮಂದಿ ಹೆಣ್ಮಕ್ಕಳದೆಲ್ಲಾ ಹಾಕ್ಯಾರ. ನಂದೊಂದು ಐತಿ. ಒಂದ ಮಾತ ನನ್ನ ಕೇಳಲಿಲ್ಲ."

"ನಿಮ್ಮದು ಅವರಿಗೆ ಗೊತ್ತಿದ್ದಿಲ್ಲೇನ್ರಿ ವೈನಿ?"

"ಮನಿ ತುಂಬೂ ದಿವ್ಸ ಬಾಗಲಾಗ ನಿಂತ ಹೇಳಿದ್ದೆ. ಅವರು ಬಾಜೂಕ ನಿಂತಿದ್ರು, ಕೇಳಿಸಿಕೊಂಡ್ರೋ ಇಲ್ಲೋ. ಆಮ್ಯಾಲ ಅವರ ಹೆಸರ ನನ್ನ ಬಾಯಾಗ ಬಂದಿಲ್ಲ." ಅವರು ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕುಳಿತರು. "ಈಗ ಹೇಳತೇನಿ. ಬರಕೋರಿ. ನೀವು ಏನರ ಬರದ್ರ ಅದರಾಗ ಹಾಕ್ರಿ. ನಾ ಹೇಳೇನಿ ಹಾಕ್ರಿ ಅಂತ."

ಹೇಳಿದರು. ಎರಡು ಸಾಲು, ನಡುವೆ ಸರ್ ಅವರ ಪೂರಾ ಹೆಸರು. ಒಂದೇ ಉಸಿರಿಗೆ, ಹೊಸ ಮದುಮಗಳ ಹಾಗೆ ತಲೆ ತಗ್ಗಿಸಿ ಹೇಳಿದರು. ಹನ್ನೆರಡು ವರ್ಷದಲ್ಲಿ ನಾನು ಕೇಳಿದ ಒಡಪುಗಳಲ್ಲಿ ಅಷ್ಟು ಚೆಂದದ್ದು ಹತ್ತು ಸಿಗಲಿಕ್ಕಿಲ್ಲ. ನಾನು ಬರೆದುಕೊಂಡೆ. ಹಾಕುತ್ತೇನೆ ಎನ್ನಲಿಲ್ಲ. ಹಾಕುವುದಿಲ್ಲ ಎನ್ನುವುದಕ್ಕೂ ಬಾಯಿ ಬರಲಿಲ್ಲ. ಆ ಚೀಟಿ ಒಂದು ವರ್ಷದಿಂದ ನನ್ನ ಮೇಜಿನ ಖಾನೆಯಲ್ಲಿದೆ.

ಈ ಬರಹವನ್ನು ಹತ್ತೂ ಬೆರಳು ಬಳಸಿ, ಕೀಲಿ ನೋಡದೆ ಟೈಪ್ ಮಾಡುತ್ತಿದ್ದೇನೆ. ಅದು ಸರ್ ಕೊಟ್ಟದ್ದು, ಇಲ್ಲವೆಂದರೆ ಬಾಯಲ್ಲಿ ಹುಳ ಬಿದ್ದೀತು. ನಿಜ ಹೇಳಬೇಕೆಂದರೆ, ವೈನಿಯ ಆ ಎರಡು ಸಾಲು ಸೇರಿಸಬೇಕೆಂದೇ ಇದನ್ನು ಶುರು ಮಾಡಿದೆ. ಅಷ್ಟೂ ಒಡಪುಗಳಲ್ಲಿ ಅದೊಂದನ್ನೇ ಹೇಳಿದವರು ತಾವಾಗಿ ಬರೀರಿ ಎಂದದ್ದು. ಚೀಟಿ ಈಗ ಕೀಲಿಮಣೆಯ ಪಕ್ಕದಲ್ಲಿದೆ. ಅದನ್ನು ಬರೆದರೆ ಸರ್ ಅವರ ಹೆಸರು ಬರೆಯಬೇಕು. ಮೂರು ಸಲ ಬೆರಳಿಟ್ಟು ನೋಡಿದೆ. ನನ್ನ ಕೈ ಬರುತ್ತಿಲ್ಲ.